ಬಂಕಾಪುರದ ಒಂದು ಸಾಲು: ಫರಿಶ್ತಾನ ಚರಿತ್ರೆಯನ್ನು ನಾವು ಹೇಗೆ ಓದಬೇಕು?

ಕಳೆದ ಸಂಚಿಕೆಯಲ್ಲಿ ಅಚ್ಚಾದ ಖುತ್ಬಾ ಸಾರಾಂಶದ ವಿಷಯ ಸೂರಃ ಅಲ್-ಹುಜುರಾತ್‌ನ ಆರನೆಯ ಆಯತ್ ಆಗಿತ್ತು. ಸುದ್ದಿಯೊಂದು ಕೈಗೆ ಬಂದಾಗ ಅದನ್ನು ಪರಿಶೀಲಿಸದೆ ನಂಬಬಾರದೆಂಬ ಮಾತು. ಆ ಖುತ್ಬಾ ಕೇಳಿ ಹೊರಗೆ ಬಂದ ಶುಕ್ರವಾರವೇ ನಮ್ಮ ಗುಡಗೇರಿಯಲ್ಲಿ, ಮಸೀದಿಯ ಕಟ್ಟೆಯ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ಹುಬ್ಬಳ್ಳಿಯಲ್ಲಿ ಡಿಗ್ರಿ ಓದುವ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದ. ಅವನ ಕಾಲೇಜಿನ ಗೆಳೆಯರ ಗುಂಪಿನಲ್ಲಿ ಬಂದ ಸಂದೇಶ ಅದು. ಅಲಿ ಆದಿಲ್ ಶಾಹ್ ಬಂಕಾಪುರ ಗೆದ್ದು ಕೋಟೆಯೊಳಗಿನ ಭವ್ಯ ಗುಡಿಯನ್ನು ಕೆಡವಿಸಿದ, ಅದೇ ಜಾಗದಲ್ಲಿ ಮಸೀದಿಗೆ ತನ್ನ ಕೈಯಿಂದಲೇ ಅಡಿಗಲ್ಲು ಇಟ್ಟ ಎಂದು ಬರೆದಿತ್ತು. ಕೆಳಗೆ ‘ಆಧಾರ: ಫರಿಶ್ತಾ’ ಎಂದಿತ್ತು.

“ಇದು ಖರೇ ಏನ್ರೀ ಚಾಚಾ?” ಎಂದು ಕೇಳಿದ.

ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಕೂಡಲೇ “ಎಲ್ಲಾ ಸುಳ್ಳು, ಆಗದವರು ಬರದಿದ್ದು” ಎಂದರು. ಇನ್ನೊಬ್ಬರು ಮೀಸೆಯ ಮೇಲೆ ಕೈಯಿಟ್ಟು, “ಆಗಿನ ಬಾದಶಹರು ಅಂದ್ರ ಹಂಗ” ಎಂದು ನಕ್ಕರು. ಇಬ್ಬರೂ ಫರಿಶ್ತಾನನ್ನು ಓದಿದವರಲ್ಲ. ಹುಡುಗ ಮಾತ್ರ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. ಸೋಮವಾರ ಅವನು ಅದೇ ಗೆಳೆಯರ ನಡುವೆ ಹೋಗಿ ಕೂರಬೇಕಾಗಿತ್ತು. ಆ ಹುಡುಗನಿಗೆ ಅಂದು ಕೊಡಲಾಗದ ಉತ್ತರವನ್ನು ಈಗ ಬರೆಯುತ್ತಿದ್ದೇವೆ.

ಮೊದಲಿಗೆ, ಸಂದೇಶ ಸುಳ್ಳಲ್ಲ. ಫರಿಶ್ತಾನ ಪುಸ್ತಕದಲ್ಲಿ ಆ ಸಾಲು ಇದೆ. ಬರೆದವನು ನಮಗೆ ಆಗದವನೂ ಅಲ್ಲ. ಅವನು ಮುಸಲ್ಮಾನ, ಬಿಜಾಪುರದ ಆದಿಲ್ ಶಾಹಿಗಳ ಅನ್ನ ತಿಂದವನು, ಅವರ ಆಜ್ಞೆಯಿಂದಲೇ ಬರೆದವನು. ಆ ಹಿರಿಯರ ಉತ್ತರ ಅಲ್ಲಿಗೇ ಬಿದ್ದುಹೋಗುತ್ತದೆ. ಹಾಗೆಂದು ಎರಡನೆಯವರ ನಗುವಿಗೂ ಆ ಪುಸ್ತಕದಲ್ಲಿ ಆಧಾರ ಸಿಗುವುದಿಲ್ಲ. ಅದನ್ನು ತಿಳಿಯಲು ಬರೆದವನು ಯಾರು, ಯಾವಾಗ ಬರೆದ, ಯಾರಿಂದ ಕೇಳಿ ಬರೆದ ಎಂಬಲ್ಲಿಂದ ಶುರುಮಾಡಬೇಕು. ಹದೀಸಿನ ವಿಷಯದಲ್ಲಿ ನಮ್ಮ ಉಲಮಾಗಳು ಸಾವಿರ ವರ್ಷಗಳಿಂದ ಮಾಡುತ್ತ ಬಂದ ಕೆಲಸವೇ ಇದು. ರಾವಿ ಯಾರು, ಸನದ್ ಏನು, ಅವನು ಹೇಳಿದವನನ್ನು ಕಂಡಿದ್ದನೇ? ಚರಿತ್ರೆಯ ಪುಸ್ತಕಕ್ಕೆ ಹದೀಸಿನ ಸ್ಥಾನ ಇಲ್ಲ. ಆದರೆ ಈ ಪ್ರಶ್ನೆಗಳನ್ನು ಅದಕ್ಕೂ ಕೇಳಬಹುದು, ಕೇಳಬೇಕು.

ಅವನ ಪೂರ್ತಿ ಹೆಸರು ಮುಹಮ್ಮದ್ ಕಾಸಿಂ ಹಿಂದು ಶಾಹ್. ಫರಿಶ್ತಾ ಎಂಬುದು ಕಾವ್ಯನಾಮ. ಫಾರ್ಸಿಯಲ್ಲಿ ದೇವದೂತ ಎಂದರ್ಥ. ಹೆಸರು ಫರಿಶ್ತಾ ಎಂದ ಮಾತ್ರಕ್ಕೆ ತಂದದ್ದೆಲ್ಲ ವಹಿ ಆಗುವುದಿಲ್ಲ ಎಂಬುದನ್ನು ಮುಂದೆ ನೋಡುತ್ತೇವೆ. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಅಸ್ತರಾಬಾದ್ ಅವನ ಊರು. ತಂದೆ ಗುಲಾಂ ಅಲಿ ಹಿಂದು ಶಾಹ್ ವಿದ್ವಾಂಸರು. ಮಗ ಇನ್ನೂ ಚಿಕ್ಕವನಿದ್ದಾಗಲೇ ಅವನನ್ನು ಕರೆದುಕೊಂಡು ಅಹಮದ್‌ನಗರಕ್ಕೆ ಬಂದರು. ಅಲ್ಲಿ ನಿಜಾಮ್ ಶಾಹಿ ರಾಜಕುಮಾರ ಮೀರಾನ್ ಹುಸೇನನಿಗೆ ಫಾರ್ಸಿ ಕಲಿಸುವ ಕೆಲಸ ಸಿಕ್ಕಿತು. ಗುರುಗಳ ಮಗನೂ ರಾಜಕುಮಾರನೂ ಒಟ್ಟಿಗೆ ಕಲಿತರು.

ಈ ಸಹಪಾಠಿತನವೇ ಮುಂದೆ ಅವನ ಜೀವ ಉಳಿಸಿತು. 1588ರಲ್ಲಿ ಮೀರಾನ್ ಹುಸೇನ್ ತನ್ನ ತಂದೆ ಮುರ್ತಜಾ ನಿಜಾಮ್ ಶಾಹನ ವಿರುದ್ಧವೇ ಎದ್ದ. ಅರಮನೆಗೆ ನುಗ್ಗಿದವರು ಕಾವಲಿನವರನ್ನು ಕೊಂದರು. ಕಾವಲಿನ ಹೊಣೆ ಹೊತ್ತಿದ್ದ ಫರಿಶ್ತಾನನ್ನು ಮಾತ್ರ ರಾಜಕುಮಾರ ಗುರುತು ಹಿಡಿದು ಬಿಟ್ಟ. ಮಗ ತಂದೆಯನ್ನು ಕೊಲ್ಲಿಸಿದ. ವರ್ಷ ತುಂಬುವುದರೊಳಗೆ ತಾನೂ ಕೊಲೆಯಾದ. 1589ರಲ್ಲಿ ಫರಿಶ್ತಾ ಜೀವ ಹಿಡಿದುಕೊಂಡು ಬಿಜಾಪುರ ಸೇರಿದ. ಅಲ್ಲಿಯೂ ಯುದ್ಧಕ್ಕೆ ಹೋಗಿ ಗಾಯಗೊಂಡ, ಸೆರೆಸಿಕ್ಕ, ತಪ್ಪಿಸಿಕೊಂಡ. ಅರಮನೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಕತ್ತಿಯ ತುದಿಯಲ್ಲಿ ನಿಂತು ಕಂಡವನು ಅವನು. ಅವನ ಪುಸ್ತಕದಲ್ಲಿ ದೊರೆಗಳನ್ನು ಕುರಿತು ಅಲ್ಲಲ್ಲಿ ಕಾಣುವ ಎಚ್ಚರದ ದನಿಗೆ ಈ ಬದುಕು ಕಾರಣವಿರಬೇಕು ಎಂದು ನಮಗನಿಸುತ್ತದೆ.

ಬಿಜಾಪುರದಲ್ಲಿ ಆಗ ಇಮ್ಮಡಿ ಇಬ್ರಾಹೀಂ ಆದಿಲ್ ಶಾಹ್ ಆಳುತ್ತಿದ್ದ. ಸಂಗೀತದ ಮೇಲೆ ‘ಕಿತಾಬೆ ನವರಸ್’ ಬರೆದ, ಜನ ‘ಜಗದ್ಗುರು’ ಎಂದು ಕರೆದ ದೊರೆ. ಹಿಂದೂಸ್ತಾನದ ಎಲ್ಲ ಮುಸ್ಲಿಂ ರಾಜ್ಯಗಳ ಚರಿತ್ರೆಯನ್ನು ಒಂದೆಡೆ ಬರೆಯುವ ಕೆಲಸವನ್ನು ಅವನು ಫರಿಶ್ತಾನಿಗೆ ವಹಿಸಿದ. ಹಿಜರಿ 1015ರ ಸುಮಾರಿಗೆ, ಅಂದರೆ ಕ್ರಿ.ಶ. 1606-07ರಲ್ಲಿ, ಪುಸ್ತಕದ ಮೊದಲ ರೂಪ ಸಿದ್ಧವಾಯಿತು. ಎರಡು-ಮೂರು ವರ್ಷಗಳಲ್ಲಿ ತಿದ್ದಿದ ಇನ್ನೊಂದು ರೂಪವೂ ಬಂತು. ‘ಗುಲ್ಶನೆ ಇಬ್ರಾಹೀಮಿ’ ಎಂದು ಅದರ ಹೆಸರು. ಜನ ‘ತಾರೀಖೆ ಫರಿಶ್ತಾ’ ಎಂದೇ ಕರೆದರು. ಒಂದು ಮುನ್ನುಡಿ, ಹನ್ನೆರಡು ಭಾಗ, ಕೊನೆಗೆ ನಾಡಿನ ಭೂಗೋಳ. ಗಜ್ನಿಯಿಂದ ದಿಲ್ಲಿ, ದಖನ್, ಗುಜರಾತ್, ಬಂಗಾಳ, ಕಾಶ್ಮೀರದವರೆಗೆ. ಹನ್ನೊಂದನೆಯ ಭಾಗ ಮಲಬಾರಿನದು. ಅದಕ್ಕೆ ಅವನು ಪೊನ್ನಾನಿಯ ಝೈನುದ್ದೀನ್ ಮಖ್ದೂಮರ ‘ತುಹ್ಫತುಲ್ ಮುಜಾಹಿದೀನ್’ ಬಳಸಿಕೊಂಡ. ಅರಬ್ಬಿ ಸಮುದ್ರದ ದಂಡೆಯ ಮದರಸಾದ ಪುಸ್ತಕ ಇಪ್ಪತ್ತು-ಇಪ್ಪತ್ತೈದು ವರ್ಷಗಳಲ್ಲೇ ಬಿಜಾಪುರದ ಗ್ರಂಥಾಲಯ ಸೇರಿತ್ತು ಎಂಬುದು ನಮ್ಮ ಕರಾವಳಿಯ ಓದುಗರಿಗೆ ಸಂತೋಷ ಕೊಡುವ ಮಾತು.

ಫರಿಶ್ತಾನ ದೊಡ್ಡ ಗುಣ ಎಂದರೆ ತಾನು ನೋಡಿದ ಪುಸ್ತಕಗಳ ಹೆಸರುಗಳನ್ನು ಮುನ್ನುಡಿಯಲ್ಲೇ ಕೊಡುವುದು. ಅಂದರೆ ಸನದ್ ಮುಂದಿಡುತ್ತಾನೆ. ಬಹಮನಿಗಳ ಕಾಲಕ್ಕೆ ಅವನು ನೆಚ್ಚಿಕೊಂಡದ್ದರಲ್ಲಿ ಮುಲ್ಲಾ ದಾವೂದ್ ಬೀದರಿಯವರ ‘ತುಹ್ಫತುಸ್ಸಲಾತೀನ್’ ಒಂದು. ಆ ಪುಸ್ತಕ ಇಂದು ಎಲ್ಲೂ ಉಳಿದಿಲ್ಲ. ಬೀದರಿಯವರ ಕಣ್ಣು ಕಂಡದ್ದು ನಮಗೆ ತಲುಪುವುದು ಫರಿಶ್ತಾನ ಮೂಲಕವೇ. ಆದ್ದರಿಂದ ‘ಫರಿಶ್ತಾ ಬೇಡ’ ಎಂದು ಸರಿಸಿಬಿಡುವವರು ದಖನ್ನಿನ ಮುಸ್ಲಿಮರ ಮೊದಲ ನೂರು ವರ್ಷಗಳ ಕಥೆಯ ಬಹುಪಾಲನ್ನು ಬಾವಿಗೆ ಎಸೆದಂತೆ.

ಇನ್ನು ಅವನ ತಪ್ಪುಗಳು. ಬಹಮನಿಗಳ ಐದನೆಯ ಸುಲ್ತಾನ 1378ರಿಂದ 1397ರವರೆಗೆ ಆಳಿದ. ಅವನ ಹೆಸರು ಮಹಮೂದ್ ಎನ್ನುತ್ತಾನೆ ಫರಿಶ್ತಾ. ಅಷ್ಟಕ್ಕೇ ಬಿಡದೆ, ಮುಹಮ್ಮದ್ ಎಂದು ಬರೆದ ಬೇರೆಯವರೇ ತಪ್ಪಿದ್ದಾರೆ ಎಂದು ವಾದವನ್ನೂ ಮಾಡುತ್ತಾನೆ. ಆ ಸುಲ್ತಾನ ಹೊಡೆಸಿದ ನಾಣ್ಯಗಳು ಸಿಕ್ಕಿವೆ. ಅವುಗಳ ಮೇಲೆ ಮುಹಮ್ಮದ್ ಎಂದೇ ಇದೆ. ಇನ್ನೂರು ವರ್ಷ ಆಚೆ ಕೂತು ಬರೆದವನ ಖಚಿತ ಮಾತಿಗಿಂತ ಆ ಕಾಲದ ಬೆರಳಗಲದ ನಾಣ್ಯ ಹೆಚ್ಚು ತಿಳಿದಿತ್ತು.

ಬಹಮನಿ ರಾಜ್ಯ ಕಟ್ಟಿದ ಹಸನನ ಕಥೆ ಶಾಲೆಯಲ್ಲಿ ಎಲ್ಲರೂ ಕೇಳಿದ್ದೇವೆ. ದಿಲ್ಲಿಯಲ್ಲಿ ಗಂಗು ಎಂಬ ಬ್ರಾಹ್ಮಣ ಜೋಯಿಸನ ಹೊಲ ಉಳುತ್ತಿದ್ದ, ನೇಗಿಲಿಗೆ ಹೊನ್ನಿನ ಗಡಿಗೆ ಸಿಕ್ಕಿತು, ಕದಿಯದೆ ಯಜಮಾನನಿಗೆ ಒಪ್ಪಿಸಿದ, ಬ್ರಾಹ್ಮಣ ಮೆಚ್ಚಿ ನೀನು ದೊರೆಯಾಗುತ್ತೀ ಎಂದ, ಆ ಋಣಕ್ಕೆ ರಾಜ್ಯಕ್ಕೆ ಬ್ರಾಹ್ಮಣನ ಹೆಸರಿಟ್ಟ ಎಂಬ ಕಥೆ. ನಮ್ಮ ಅಜ್ಜಂದಿರು ಇದನ್ನು ಪ್ರೀತಿಯಿಂದ ಹೇಳುತ್ತಿದ್ದರು, ನಮಗೂ ಇದರ ಮೇಲೆ ಪ್ರೀತಿ. ಆದರೆ ಹಸನನ ಕಾಲದಲ್ಲೇ, 1350ರ ಸುಮಾರಿಗೆ, ಅವನ ಆಸ್ಥಾನದಲ್ಲೇ ಬರೆದ ಇಸಾಮಿ ಈ ಕಥೆ ಹೇಳುವುದಿಲ್ಲ. ಇಸಾಮಿ ಅವನನ್ನು ಇರಾನಿನ ಪುರಾತನ ವೀರ ಬಹಮನನ ವಂಶಕ್ಕೆ ಸೇರಿಸುತ್ತಾನೆ. ಅದೂ ದೊರೆಗೆ ತೊಡಿಸಿದ ಕಿರೀಟವೇ ಇರಬಹುದು. ಆದರೂ ನಾಣ್ಯಗಳ ಮೇಲೆ ಇರುವುದು ಬಹಮನ್ ಶಾಹ್ ಎಂಬ ಹೆಸರು. ಗಂಗುವಿನ ಕಥೆ ನಮಗೆ ಹಿತವಾಗಿದೆ, ಎರಡು ಜನಾಂಗಗಳ ಸ್ನೇಹ ಅದರಲ್ಲಿದೆ. ಹಿತವಾಗಿದೆ ಎಂದು ಅದನ್ನು ನಂಬಿ, ಅಹಿತವಾಗಿದೆ ಎಂದು ಬಂಕಾಪುರದ ಸಾಲನ್ನು ತಳ್ಳಿಹಾಕುವ ಹಕ್ಕು ನಮಗಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು.

ಒಡೆಯನ ವಂಶದ ವಿಷಯ ಬಂದಾಗ ಫರಿಶ್ತಾನ ಲೇಖನಿ ಇನ್ನೂ ಉದಾರವಾಗುತ್ತದೆ. ಆದಿಲ್ ಶಾಹಿಗಳ ಮೂಲಪುರುಷ ಯೂಸುಫ್ ಆದಿಲ್ ಖಾನ್ ತುರ್ಕಿಯ ಉಸ್ಮಾನಿ ಸುಲ್ತಾನ್ ಮುರಾದನ ಮಗನಂತೆ. ಅಣ್ಣ ಪಟ್ಟಕ್ಕೆ ಬಂದಾಗ ಕೊಲ್ಲಿಸುತ್ತಾನೆಂದು ಹೆದರಿದ ತಾಯಿ ಮಗುವನ್ನು ಗುಟ್ಟಾಗಿ ಇರಾನಿನ ಸಾವಾ ಪಟ್ಟಣಕ್ಕೆ ಸಾಗಿಸಿದಳಂತೆ. ಅದೇ ಬಿಜಾಪುರದಲ್ಲಿ, ಅದೇ ವರ್ಷಗಳಲ್ಲಿ ‘ತಝ್ಕಿರತುಲ್ ಮುಲೂಕ್’ ಬರೆದ ರಫೀಉದ್ದೀನ್ ಶೀರಾಜಿ ಈ ಉಸ್ಮಾನಿ ಕಥೆ ಹೇಳದೆ ಬೇರೆಯೇ ಮೂಲ ಕೊಡುತ್ತಾನೆ. ಒಂದೇ ದರ್ಬಾರಿನ ಇಬ್ಬರು ಲೇಖಕರು ಒಡೆಯನ ಅಜ್ಜನ ಅಜ್ಜ ಯಾರೆಂಬುದರಲ್ಲೇ ಒಪ್ಪುವುದಿಲ್ಲ.

ಇದು ಬಿಜಾಪುರಕ್ಕೆ ಮಾತ್ರ ಇದ್ದ ಮಾತಲ್ಲ. ಫರಿಶ್ತಾ ಬರೆಯುತ್ತಿದ್ದ ಹೊತ್ತಿಗೇ, 1602ರಲ್ಲಿ, ರಶ್ಯಾದ ಓಕಾ ನದಿಯ ದಂಡೆಯ ಕಾಸಿಮೊವ್ ಎಂಬ ಪಟ್ಟಣದಲ್ಲಿ ಖಾದಿರ್ ಅಲಿ ಬೇಗ್ ಎಂಬ ಇನ್ನೊಬ್ಬ ಮುಸ್ಲಿಂ ಲೇಖಕ ತುರ್ಕಿ ಭಾಷೆಯಲ್ಲಿ ಚರಿತ್ರೆ ಬರೆಯುತ್ತಿದ್ದ. ಅಲ್ಲಿನವರು ತಾತಾರ ಮುಸ್ಲಿಮರು. 1552ರಲ್ಲಿ ರಶ್ಯಾದ ತ್ಸಾರ್ ನಾಲ್ಕನೆಯ ಇವಾನ್ ಅವರ ದೊಡ್ಡ ರಾಜಧಾನಿ ಕಜಾನನ್ನು ಗೆದ್ದುಕೊಂಡಿದ್ದ. ಕಾಸಿಮೊವ್ ಮಾತ್ರ ತ್ಸಾರನ ನೆರಳಿನಲ್ಲಿ ಒಂದು ಚಿಕ್ಕ ಖಾನೇಟ್ ಆಗಿ ಉಳಿದಿತ್ತು. ತ್ಸಾರ್ ಬೋರಿಸ್ ಗೊಡುನೊವ್ 1600ರಲ್ಲಿ ಉರಾಜ್ ಮುಹಮ್ಮದ್ ಎಂಬವನನ್ನು ಅಲ್ಲಿ ಖಾನನಾಗಿ ಕೂರಿಸಿದ. ಖಾದಿರ್ ಅಲಿ ತನ್ನ ಪುಸ್ತಕದಲ್ಲಿ ಕ್ರೈಸ್ತ ತ್ಸಾರನನ್ನು ಹಾಡಿ ಹೊಗಳುತ್ತಾನೆ, ಮಂಗೋಲರ ಹಳೆಯ ಚರಿತ್ರೆಯನ್ನು ರಶೀದುದ್ದೀನನ ಫಾರ್ಸಿ ಗ್ರಂಥದಿಂದ ತುರ್ಕಿಗೆ ಇಳಿಸುತ್ತಾನೆ, ಕೊನೆಗೆ ತನ್ನದೇ ಭಾಗ ಸೇರಿಸಿ ಉರಾಜ್ ಮುಹಮ್ಮದನ ವಂಶವನ್ನು ಚಂಗೀಜ್ ಖಾನನಿಗೆ ಜೋಡಿಸುತ್ತಾನೆ. ಹೊಗಳಿಕೆ ಇದೆ ಎಂದು ತಾತಾರ ಚರಿತ್ರೆಕಾರರು ಆ ಪುಸ್ತಕವನ್ನು ಎಸೆಯಲಿಲ್ಲ. ತೊಖ್ತಾಮಿಶ್, ಇದಿಗೆ ಮೊದಲಾದ ಹಿಂದಿನ ನಾಯಕರ ಬಗ್ಗೆ ತಾತಾರರು ತಮ್ಮೊಳಗೆ ಏನು ಹೇಳಿಕೊಳ್ಳುತ್ತಿದ್ದರು ಎಂಬುದು ಅದರಲ್ಲಿ ಉಳಿದಿದೆ. ಖಾನನನ್ನು ಪಟ್ಟಕ್ಕೆ ಕೂರಿಸಿದ ವಿಧಿಯ ವರ್ಣನೆಯೂ ಇದೆ. ಕಜಾನಿನ ಪತನದ ಕಥೆ ಬಹುಪಾಲು ಗೆದ್ದವರ ಬರಹದಲ್ಲೇ ಸಿಗುವಾಗ, ಸೋತ ಕಡೆಯವನೊಬ್ಬನ ಪುಸ್ತಕ ಅವರಿಗೆ ಚಿನ್ನ. ಅದನ್ನು ಅವರು ಗೋರಿಕಲ್ಲುಗಳ ಜೊತೆ, ರಶ್ಯನ್ ದಾಖಲೆಗಳ ಜೊತೆ ಹೋಲಿಸಿ ಓದುತ್ತಾರೆ. ನಮ್ಮ ಕಡೆ ಫರಿಶ್ತಾನಿಗೂ ಇದೇ ಉಪಚಾರ ಆಗಬೇಕಾಗಿದೆ.

ಈಗ ಬಂಕಾಪುರ. ಸಂದೇಶ ಕಳಿಸಿದವರು ಒಂದು ಸಾಲು ಕತ್ತರಿಸಿಕೊಂಡಿದ್ದರು. ಅದರ ಹಿಂದೆ ಮುಂದೆ ಏನಿದೆ ಎಂದು ನೋಡೋಣ.

1565ರ ಯುದ್ಧದಲ್ಲಿ ವಿಜಯನಗರದ ಅಳಿಯ ರಾಮರಾಯ ಸತ್ತ ಮೇಲೆ ಅವನ ಕೈಕೆಳಗಿನ ಸರದಾರರು ತಮತಮಗೆ ಸಿಕ್ಕ ಕೋಟೆ ಹಿಡಿದು ಕೂತರು. 1573ರ ಸುಮಾರಿಗೆ ಅಲಿ ಆದಿಲ್ ಶಾಹ್ ದಕ್ಷಿಣಕ್ಕೆ ದಂಡು ತಂದ. ತೊರಗಲ್ ಬಿತ್ತು. ಧಾರವಾಡದ ಕೋಟೆ ಆರು ತಿಂಗಳು ತಡೆಯಿತು. ನಂತರ ಬಂಕಾಪುರ. ಅಲ್ಲಿದ್ದವನು ವೇಲಪ್ಪ, ಹಿಂದೆ ರಾಮರಾಯನ ಬಳಿ ಸೇವೆಯಲ್ಲಿದ್ದು ಆಮೇಲೆ ಸ್ವತಂತ್ರನಾದವನು. ಮುತ್ತಿಗೆ ಬಿಗಿಯಾದಾಗ ಅವನು ಪೆನುಗೊಂಡೆಗೆ, ರಾಮರಾಯನ ತಮ್ಮನಿಗೆ, ಕ್ಷಮೆ ಕೇಳಿ ಓಲೆ ಕಳಿಸಿದ. ಒಡೆಯನಿಗೆ ದ್ರೋಹ ಮಾಡಿದ ನಿನ್ನಂಥವರಿಂದಲೇ ರಾಜ್ಯಕ್ಕೆ ಈ ಗತಿ ಬಂತು ಎಂಬ ಬೈಗುಳವೇ ಮೊದಲು ಬಂದ ಉತ್ತರ. ಆಮೇಲೆ ಸುತ್ತಲಿನ ನಾಯಕರಿಗೆ ನೆರವಾಗಿರೆಂಬ ಆಜ್ಞೆಯೂ ಹೋಯಿತು.

ಇಲ್ಲಿ ಫರಿಶ್ತಾ ಬರೆಯುವ ಒಂದು ವಿವರ ನಮ್ಮ ಸೀಮೆಯ ಕಾಲಾಳುಗಳದು. ಅವರು ರಾತ್ರಿ ಹೊತ್ತು ಬರಿಮೈಗೆ ಎಣ್ಣೆ ಹಚ್ಚಿಕೊಂಡು, ಹಿಡಿದರೂ ಕೈಗೆ ಸಿಗದಂತೆ ಜಾರಿ, ಬಿಜಾಪುರದ ಡೇರೆಗಳೊಳಗೆ ನುಗ್ಗಿ ಮಲಗಿದವರನ್ನು ಇರಿದು ಹೋಗುತ್ತಿದ್ದರಂತೆ. ದಂಡಿನಲ್ಲಿ ನಿದ್ದೆಯೇ ಇಲ್ಲವಾಯಿತು. ಬಿಜಾಪುರದ ಸೇನಾಪತಿ ಮುಸ್ತಫಾ ಖಾನ್ ಅರ್ದಿಸ್ತಾನಿ ಬರ್ಗಿ ಕುದುರೆ ಸವಾರರನ್ನು ಬಳಸಿ ಹೊರಗಿನವರನ್ನು ತಡೆದ, ರಾತ್ರಿಯ ಕಾವಲು ಬಿಗಿಮಾಡಿದ. ಮುತ್ತಿಗೆ ಒಂದು ವರ್ಷ ದಾಟಿ ನಡೆಯಿತು. ಕೋಟೆಯೊಳಗೆ ವೇಲಪ್ಪನ ಮಗ ತೀರಿಕೊಂಡ. ಒಳಗಿನವರ ಎದೆ ಒಡೆಯಿತು. ಹೆಂಡಿರು ಮಕ್ಕಳು, ಸಾಮಾನು ಸರಂಜಾಮಿನೊಂದಿಗೆ ಹೊರಟುಹೋಗಲು ಬಿಟ್ಟರೆ ಕೋಟೆ ಒಪ್ಪಿಸುತ್ತೇವೆಂದು ಕೇಳಿದರು. ಅಲಿ ಆದಿಲ್ ಶಾಹ್ ಒಪ್ಪಿದ, ಅವರು ಹೊರಟುಹೋದರು. ಆ ಮೊಬೈಲ್ ಸಂದೇಶದ ಸಾಲು ಬರುವುದು ಇದಾದ ಮೇಲೆ: ಗುಡಿ ಕೆಡವಲು ಆಜ್ಞೆ, ಮಸೀದಿಯ ಅಡಿಗಲ್ಲು.

ಅದೇ ಪುಸ್ತಕದಲ್ಲಿ ಕೆಲವು ಹಾಳೆ ಹಿಂದಕ್ಕೆ ಹೋದರೆ, ಇದೇ ಅಲಿ ಆದಿಲ್ ಶಾಹ್ ರಾಮರಾಯನ ಮಗ ಸತ್ತಾಗ ಸಂತಾಪ ಹೇಳಲು ಸಣ್ಣ ಪರಿವಾರದೊಂದಿಗೆ ವಿಜಯನಗರಕ್ಕೇ ಹೋಗಿದ್ದ, ರಾಮರಾಯನ ಮನೆಯಲ್ಲಿ ಅವನನ್ನು ಮಗನೆಂದು ಕರೆದಿದ್ದರು ಎಂದಿದೆ. ಕೆಲವು ಹಾಳೆ ಮುಂದಕ್ಕೆ ಹೋದರೆ ಬಂಕಾಪುರ ಗೆದ್ದುಕೊಟ್ಟ ಮುಸ್ತಫಾ ಖಾನನೇ ಬಂಕಾಪುರದಲ್ಲಿ ಕೊಲೆಯಾಗುತ್ತಾನೆ. ಕೊಲ್ಲಿಸಿದವನು ಬಿಜಾಪುರದ ಇನ್ನೊಬ್ಬ ಅಮೀರ ಕಿಶ್ವರ್ ಖಾನ್. ಈ ಕಥೆಯ ಯಾವ ತಿರುವೂ ಬರೀ ಧರ್ಮದಿಂದ ಅರ್ಥವಾಗುವಂಥದಲ್ಲ. ಕೋಟೆ, ಕಂದಾಯ, ಸರದಾರರ ಹೊಟ್ಟೆಕಿಚ್ಚು ಎಲ್ಲ ಕಡೆ ಹೆಣೆದುಕೊಂಡಿವೆ.

ಇನ್ನೊಂದು ಪ್ರಶ್ನೆ, ರಾವಿಯನ್ನು ಕುರಿತದ್ದು. ಬಂಕಾಪುರ ಬಿದ್ದಾಗ ಫರಿಶ್ತಾ ಅಲ್ಲಿರಲಿಲ್ಲ. ಅವನು ಬಿಜಾಪುರಕ್ಕೆ ಬಂದದ್ದು ಹದಿನೈದು ವರ್ಷಗಳ ನಂತರ. ಆ ಹೊತ್ತಿಗೆ ಅಲಿ ಆದಿಲ್ ಶಾಹ್ ತೀರಿಹೋಗಿದ್ದ. ಬರೆದದ್ದು ಮೂವತ್ತು ವರ್ಷಗಳ ನಂತರ. ಕೇಳಿ ಬರೆದ ಮಾತು ಅದು. ಫಾರ್ಸಿಯಲ್ಲಿ ಗೆಲುವಿನ ಕಥೆ ಬರೆಯುವುದಕ್ಕೆ ಒಂದು ರೂಢಿಯೂ ಇತ್ತು. ಗೆದ್ದ ದೊರೆ ಗುಡಿ ಕೆಡವಿದ, ಮಸೀದಿ ಕಟ್ಟಿಸಿದ, ಶುಕ್ರಿಯಾ ನಮಾಜ್ ಮಾಡಿದ ಎಂಬುದು ಆ ರೂಢಿಯಲ್ಲಿ ಹೊಗಳಿಕೆ. ಸಂಖ್ಯೆಗಳದೂ ಅದೇ ಕಥೆ. ಮೊದಲನೆಯ ಮುಹಮ್ಮದ್ ಶಾಹ್ ಬಹಮನಿಗೂ ವಿಜಯನಗರದ ಬುಕ್ಕರಾಯನಿಗೂ ನಡೆದ ಯುದ್ಧದಲ್ಲಿ ಐದು ಲಕ್ಷ ಜನ ಸತ್ತರೆಂದು ಫರಿಶ್ತಾ ಬರೆಯುತ್ತಾನೆ. ಅಂದಿನ ದಂಡುಗಳ ಅಳತೆ ಬಲ್ಲವರು ಯಾರೂ ಇದನ್ನು ಎಣಿಕೆ ಎಂದು ತಗೊಳ್ಳುವುದಿಲ್ಲ. ಆದರೆ ಆ ಯುದ್ಧದ ಕೊನೆಗೆ ಸೆರೆಯಾಳುಗಳನ್ನೂ ನಿಶ್ಶಸ್ತ್ರರನ್ನೂ ಇನ್ನು ಕೊಲ್ಲುವುದಿಲ್ಲವೆಂದು ಸುಲ್ತಾನ ಮಾತು ಕೊಟ್ಟ, ದಖನ್ನಿನಲ್ಲಿ ಅದು ರೂಢಿಯಾಯಿತು ಎಂದೂ ಅವನೇ ಬರೆದಿದ್ದಾನೆ. ಐದು ಲಕ್ಷವನ್ನು ಹಂಚುವವರು ಈ ಸಾಲನ್ನು ಹಂಚಿದ್ದನ್ನು ನಾವು ನೋಡಿಲ್ಲ.

ಹಾಳೆಯ ಮಾತು ಇಷ್ಟಾಯಿತು, ಕಲ್ಲು ಏನು ಹೇಳುತ್ತದೆ ನೋಡೋಣ ಎಂದು ಒಂದು ಭಾನುವಾರ ಆ ಹುಡುಗನನ್ನೂ ಅವನ ಇಬ್ಬರು ಗೆಳೆಯರನ್ನೂ ಕರೆದುಕೊಂಡು ಸವಣೂರಿನ ಮೇಲೆ ಹಾದು ಬಂಕಾಪುರಕ್ಕೆ ಹೋದೆವು. ಗೆಳೆಯರಲ್ಲಿ ಒಬ್ಬ ಆ ಸಂದೇಶ ಕಳಿಸಿದವನೇ. ಕೋಟೆಯ ಕಂದಕದ ಸುತ್ತ ಈಗ ನವಿಲುಧಾಮ. ಕುರುಚಲು ಗಿಡಗಳ ನಡುವೆ ನವಿಲುಗಳ ಕೇಕೆ ಬಿಟ್ಟರೆ ಬೇರೆ ಸದ್ದಿಲ್ಲ. ಕೋಟೆಯೊಳಗೆ ನಗರೇಶ್ವರ ಗುಡಿ ನಿಂತಿದೆ. ಜನ ಅದನ್ನು ‘ಅರವತ್ತು ಕಂಬದ ಗುಡಿ’ ಎನ್ನುತ್ತಾರೆ. ಕಲ್ಯಾಣದ ಚಾಲುಕ್ಯರ ಕಾಲದ ಶೈಲಿ. ತಿರುಗಣೆಗೆ ಕೊಟ್ಟು ಕಡೆದ ಕಂಬಗಳು ಇಂದಿಗೂ ಮುಖ ಕಾಣುವಷ್ಟು ನುಣುಪು. ಹುಡುಗರು ಕಂಬ ಎಣಿಸಲು ಶುರುಮಾಡಿದರು. ಮೂವರಿಗೂ ಮೂರು ಲೆಕ್ಕ ಬಂತು.

ಹಾಗಾದರೆ ಫರಿಶ್ತಾ ಸುಳ್ಳು ಹೇಳಿದನೇ? ಹಾಗೆನ್ನಲು ನಾವು ಸಿದ್ಧರಿಲ್ಲ. ಬಂಕಾಪುರ ಒಂದೇ ಗುಡಿಯ ಊರಲ್ಲ. ರಾಷ್ಟ್ರಕೂಟರ ಕಾಲದಿಂದಲೂ ಅದು ಜೈನರ ದೊಡ್ಡ ಕೇಂದ್ರ. ಗುಣಭದ್ರಾಚಾರ್ಯರ ‘ಉತ್ತರಪುರಾಣ’ದ ಜೊತೆ ಆ ಊರಿನ ಹೆಸರು ಸೇರಿದೆ, ಗಂಗರ ದೊರೆ ಮಾರಸಿಂಹ 974ರಲ್ಲಿ ಸಲ್ಲೇಖನ ತೆಗೆದುಕೊಂಡು ದೇಹ ಬಿಟ್ಟದ್ದು ಅಲ್ಲೇ. ಅಷ್ಟು ಬಸದಿ, ಗುಡಿಗಳಿದ್ದ ಊರಿನಲ್ಲಿ ಅಲಿ ಆದಿಲ್ ಶಾಹ್ ಒಂದನ್ನು ಕೆಡವಿಸಿರಬಹುದು. ಕೆಡವಿದ್ದರೆ ಅದು ಅನ್ಯಾಯವೇ. ಶರಣಾಗಿ ಅಭಯ ಪಡೆದವರ ಪೂಜಾಸ್ಥಳವನ್ನು ಉರುಳಿಸುವುದನ್ನು ಯಾವ ಬಾದಶಹನ ಹೆಸರಿನಲ್ಲೂ ನಾವು ಸಮರ್ಥಿಸಲಾರೆವು, ಮೀಸೆ ತಿರುವಲಂತೂ ಸಾಧ್ಯವೇ ಇಲ್ಲ. ಆದರೆ ಆ ಊರಿನ ಗುಡಿಯೆಲ್ಲ ನೆಲಸಮ ಎಂಬಂತೆ ಆ ಸಾಲನ್ನು ಓದಿದರೆ ಎದುರಿಗೆ ನಿಂತ ಅರವತ್ತು ಕಂಬಗಳಿಗೆ ಉತ್ತರ ಕೊಡಬೇಕಾಗುತ್ತದೆ. ಆಸ್ಥಾನದ ಲೇಖಕ ‘ಕೆಡವಿದ’ ಎಂದ ಜಾಗದಲ್ಲಿ ಎಷ್ಟು ಕೆಡವಿದರು, ಏನನ್ನು ಬಿಟ್ಟರು ಎಂಬುದನ್ನು ಹಾಳೆ ಹೇಳುವುದಿಲ್ಲ, ನೆಲವೇ ಹೇಳಬೇಕು.

ವಾಪಸಾಗುವಾಗ ಸಂದೇಶ ಕಳಿಸಿದ್ದ ಗೆಳೆಯ ಕೇಳಿದ, “ಬರೇ ನಿಮ್ಮವರಷ್ಟೇ ಕೆಡವಿದ್ರಾ ಅಂಕಲ್?” ನಾವು ಅಣ್ಣಿಗೇರಿಯ ಕಡೆಯ 1071ರ ಶಾಸನದ ಮಾತು ಹೇಳಿದೆವು. ಬೆಳ್ವೊಲ ಸೀಮೆಗೆ ನುಗ್ಗಿದ ಚೋಳ ದೊರೆ ಬಸದಿಗಳನ್ನು ಸುಟ್ಟನೆಂದು ಅದರಲ್ಲಿದೆ. ಅಲ್ಲಿಯೂ ನೆನಪಿಡಬೇಕಾದದ್ದು, ಅದನ್ನು ಕೆತ್ತಿಸಿದವರು ಚೋಳರ ಶತ್ರುಗಳು. ಹೀಗೆ ಹೇಳಿದ್ದು ಲೆಕ್ಕ ಚುಕ್ತಾ ಮಾಡಲು ಅಲ್ಲ ಎಂದೂ ಆ ಹುಡುಗನಿಗೆ ಬಿಡಿಸಿ ಹೇಳಿದೆವು. ‘ಅವರೂ ಕೆಡವಿದ್ದರು’ ಎಂದು ಕೈ ತೊಳೆದುಕೊಳ್ಳುವುದು ಅಗ್ಗದ ದಾರಿ. ಅಂದಿನ ದೊರೆಗೆ ಶತ್ರುವಿನ ದೇವಾಲಯ ಶತ್ರುವಿನ ಸಿಂಹಾಸನದ ಒಂದು ಕಾಲಿನಂತೆ ಕಾಣುತ್ತಿತ್ತು. ಯಾವ ಧರ್ಮದ ದೊರೆಯಾದರೂ ಕೆಲವೊಮ್ಮೆ ಅದಕ್ಕೆ ಕೊಡಲಿ ಹಾಕಿದ, ಹಲವು ಸಲ ಮುಟ್ಟದೆ ಬಿಟ್ಟ. ಗುಡಗೇರಿಯಿಂದ ಪೂರ್ವಕ್ಕೆ ಲಕ್ಷ್ಮೇಶ್ವರಕ್ಕೆ ಹೋಗುವವರಿಗೆ ಈ ಎರಡನೆಯದು ಕಣ್ಣಿಗೇ ಕಾಣುತ್ತದೆ. ಅಂಕುಶ್ ಖಾನ್ 1617ರಲ್ಲಿ, ಅಂದರೆ ಇಬ್ರಾಹೀಂ ಆದಿಲ್ ಶಾಹನ ಆಳ್ವಿಕೆಯಲ್ಲೇ, ಕಟ್ಟಿಸಿದ ಜಾಮಿಯಾ ಮಸೀದಿಯೂ, ಅದಕ್ಕಿಂತ ಐನೂರು ವರ್ಷ ಹಿಂದಿನ ಸೋಮೇಶ್ವರ ಗುಡಿಯೂ, ಶಂಖ ಬಸದಿಯೂ ಒಂದೇ ಊರಿನಲ್ಲಿ ನಿಂತಿವೆ. ನಮ್ಮ ಗುಡಗೇರಿಯಲ್ಲೇ ಸಿಕ್ಕ 1076ರ ಶಾಸನ ಅದೇ ಲಕ್ಷ್ಮೇಶ್ವರದ, ಆಗಿನ ಪುರಿಗೆರೆಯ, ಬಸದಿಯೊಂದನ್ನೂ ಅದನ್ನು ಕಟ್ಟಿಸಿದ ಕುಂಕುಮ ಮಹಾದೇವಿಯನ್ನೂ ಹೆಸರಿಸುತ್ತದೆ. ಊರ ಹುಡುಗರಲ್ಲಿ ಎಷ್ಟೋ ಮಂದಿಗೆ ತಮ್ಮೂರಿಗೆ ಇಂಥದೊಂದು ದಾಖಲೆ ಇರುವುದೇ ಗೊತ್ತಿಲ್ಲ.

ಒಂದು ಕೊನೆಯ ಮಾತು ಅನುವಾದದ ಬಗ್ಗೆ. 1829ರಲ್ಲಿ ಜಾನ್ ಬ್ರಿಗ್ಸ್ ಎಂಬ ಕಂಪನಿ ಸರ್ಕಾರದ ಸೇನಾಧಿಕಾರಿ ಫರಿಶ್ತಾನನ್ನು ನಾಲ್ಕು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದರು. ಇಂದು ಮೊಬೈಲಿನಲ್ಲಿ ಓಡಾಡುವ ಫರಿಶ್ತಾ ಬಹುತೇಕ ಬ್ರಿಗ್ಸ್ ಸಾಹೇಬರ ಫರಿಶ್ತಾ. ಅವರು ಪುಸ್ತಕಕ್ಕೆ ಕೊಟ್ಟ ಹೆಸರು ‘ಭಾರತದಲ್ಲಿ ಮುಹಮ್ಮದೀಯ ಅಧಿಕಾರದ ಏಳಿಗೆಯ ಚರಿತ್ರೆ’ ಎಂಬ ಅರ್ಥದ್ದು. ಫರಿಶ್ತಾ ಇಟ್ಟ ಹೆಸರು ಇಬ್ರಾಹೀಮನ ಹೂದೋಟ. ಅಷ್ಟೇ ಅಲ್ಲ, ಹನ್ನೆರಡನೆಯ ಭಾಗವನ್ನು ಬ್ರಿಗ್ಸ್ ಅನುವಾದಿಸಲೇ ಇಲ್ಲ. ಅದು ಹಿಂದೂಸ್ತಾನದ ಔಲಿಯಾಗಳ ಭಾಗ. ಮೊದಲ ಹನ್ನೊಂದು ಭಾಗಗಳಲ್ಲಿ ದೊರೆಗಳ ಕತ್ತಿಗಳ ಲೆಕ್ಕ ಬರೆದು, ಕೊನೆಯ ಭಾಗವನ್ನು ಆ ಸಂತರಿಗೆ ಫರಿಶ್ತಾ ಮೀಸಲಿಟ್ಟಿದ್ದ. ಇಂಗ್ಲಿಷ್ ಓದುಗನ ಕೈಗೆ ಸಿಕ್ಕಿದ್ದು ಕತ್ತಿಗಳು ಮಾತ್ರ. ಯಾರ ಉರುಸಿಗೆ ಇಂದಿಗೂ ಎರಡೂ ಸಮಾಜದವರು ಬಂಡಿ ಕಟ್ಟಿಕೊಂಡು ಬರುತ್ತಾರೋ ಅಂಥವರ ಸುದ್ದಿ ಹೊರಗುಳಿಯಿತು.

ಆ ರಾತ್ರಿ ಹುಡುಗ ತನ್ನ ಗೆಳೆಯರ ಗುಂಪಿಗೆ ಕಂಬಗಳ ಫೋಟೋ ಹಾಕಿದ. ಜೊತೆಗೆ ಬಂಕಾಪುರದ ಮುತ್ತಿಗೆಯ ಪೂರ್ತಿ ಪ್ಯಾರಾವನ್ನು, ಕೆಡವಲು ಆಜ್ಞೆಯಾದ ಸಾಲನ್ನೂ ಬಿಡದೆ, ಕನ್ನಡದಲ್ಲಿ ಟೈಪ್ ಮಾಡಿ ಹಾಕಿದ. ಮರುದಿನ ಬಂದು ಕೇಳಿದ, “ಚಾಚಾ, ಆ ಹನ್ನೆರಡನೇ ಭಾಗ ಕನ್ನಡದಾಗ ಎಲ್ಲರೆ ಸಿಗ್ತೈತೇನ್ರೀ?” ಫಾರ್ಸಿ ಮೂಲ 1831-32ರಲ್ಲೇ ಮುಂಬೈಯಲ್ಲಿ ಕಲ್ಲಚ್ಚಿನಲ್ಲಿ ಅಚ್ಚಾಗಿದೆ. ಓದಬಲ್ಲವರು ನಮ್ಮ ಕಡೆ ಕಡಿಮೆ. ಮದರಸಾದಲ್ಲಿ ‘ಗುಲಿಸ್ತಾನ್’ ಓದಿದ್ದ ನಮ್ಮ ಮೌಲಾನಾ ಸಾಹೇಬರನ್ನು ಕೇಳಿದ್ದೇವೆ. ಭಾನುವಾರ ಅಸರ್ ನಮಾಜಿನ ನಂತರ ಒಂದೊಂದು ಹಾಳೆ ಹೇಳಿಕೊಡಲು ಒಪ್ಪಿದ್ದಾರೆ. ಮೊದಲ ದಿನ ಕೂರಲು ನಾಲ್ವರು ಹೆಸರು ಕೊಟ್ಟಿದ್ದಾರೆ, ಅದರಲ್ಲಿ ಒಬ್ಬ ಆ ಸಂದೇಶ ಕಳಿಸಿದ್ದ ಗೆಳೆಯ.